ಪ್ರತಿಕ್ರಿಯೆ: ಹಿಂದಿನ ಸಾಲಿನ ಮಕ್ಕಳ ಹೆಜ್ಜೆ ತಪ್ಪುವುದು

ಹಾಲ್‌ನಲ್ಲಿ ಸರಿಯಾಗಿ ಕುಣಿದ ಹಿಂದಿನ ಸಾಲಿನ ಮಕ್ಕಳು ಮೈದಾನದ ವೇದಿಕೆ ಮೇಲೆ ಅಸ್ಸಾಮಿನ ಬಿಹು, ಪಂಜಾಬಿನ ಭಾಂಗ್ರಾ ಎರಡರಲ್ಲೂ ತಡವಾಗುತ್ತಾರೆ, ಕೋಲಾಟ ಮಾತ್ರ ಸರಿಬಂತು, ಏನು ಮಾಡಲಿ ಎಂದು ಕೇಳಿದ್ದೀರಿ. ತಪ್ಪು ಅವರದಲ್ಲ, ಬಹುತೇಕ ಸ್ಪೀಕರ್ ಇಟ್ಟ ಜಾಗದ್ದು. ಸ್ಪೀಕರ್‌ಗಳ ಮುಖ ಪ್ರೇಕ್ಷಕರ ಕಡೆಗಿರುತ್ತದೆ. ಹಿಂದಿನ ಸಾಲಿಗೆ ಜೋರಾಗಿ ಕೇಳುವುದು ಎದುರಿನ ಕಟ್ಟಡಕ್ಕೆ ಬಡಿದು ಮರಳಿದ ಹಾಡು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಕಟ್ಟಡ 50 ಮೀಟರ್ ದೂರವಿದ್ದರೆ ಹೋಗಿ ಬರಲು 0.3 ಸೆಕೆಂಡ್. ಭಾಂಗ್ರಾದ ವೇಗಕ್ಕೆ ಅದು ಹೆಚ್ಚುಕಡಿಮೆ ತಾಳದ ಅರ್ಧ ಪೆಟ್ಟು. ಕೋಲಾಟ ಮಾತ್ರ ಸರಿಬಂತು ಅಂದಿದ್ದೀರಲ್ಲ, ಅದೇ ಸುಳಿವು: ಅಲ್ಲಿ ತಾಳ ಮಕ್ಕಳ ಕೈಯಲ್ಲೇ ಇದೆ.

ಮೊದಲು ಸೌಂಡ್‌ನವರಿಗೆ ಎರಡು ಮಾನಿಟರ್ ಸ್ಪೀಕರ್ (ವೇದಿಕೆ ಮೇಲಿರುವವರಿಗೇ ಹಾಡು ಕೇಳಿಸಲು ಇಡುವ ಸ್ಪೀಕರ್) ಬೇಕೆಂದು ಹೇಳಿ. ವೇದಿಕೆಯ ಎರಡೂ ಬದಿಯಲ್ಲಿ, ಮಕ್ಕಳ ಕಡೆ ಮುಖ ಮಾಡಿ ಇಡಿಸಿ. ಅವುಗಳ ವಾಲ್ಯೂಮ್ ಬೇರೆಯಾಗಿ ಏರಿಸುವಂತಿರಲಿ. ದುಡ್ಡು ಉಳಿಯುತ್ತದೆಂದು ಮನೆಯ ಬ್ಲೂಟೂತ್ ಸ್ಪೀಕರ್ ಇಡಬೇಡಿ, ಅದೇ ಇನ್ನಷ್ಟು ತಡ ಸೇರಿಸುತ್ತದೆ. ವೈರ್ ಇರುವುದೇ ಆಗಬೇಕು.

ಆಮೇಲೆ ನೀವೇ ಹಿಂದಿನ ಸಾಲಿನ ನಡುವೆ ನಿಂತು ಹಾಡು ಹಾಕಿಸಿ ಕೇಳಿ. ಪೆಟ್ಟು ಎರಡೆರಡು ಸಲ ಕೇಳಿಸಿದರೆ ಮುಂದಿನ ಸ್ಪೀಕರ್ ತಗ್ಗಿಸಿ, ಮಾನಿಟರ್ ಏರಿಸಿ.

ನಿಮ್ಮ ಮೈದಾನದ ಅಳತೆ ನೀವು ಬರೆದಿಲ್ಲ, ಇಷ್ಟರಿಂದಲೇ ಪೂರ್ತಿ ಸರಿಹೋಗುತ್ತದೆಂದು ಹೇಳಲಾರೆ. ಹೋಗದಿದ್ದರೆ ಢೋಲ್ ಬಾರಿಸಬಲ್ಲ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಮಾನಿಟರ್ ಪಕ್ಕ, ಹಿಂದಿನ ಸಾಲಿಗೆ ಹತ್ತಿರ ನಿಲ್ಲಿಸಿ. ನಮ್ಮಲ್ಲಿ ಕೊನೆಗೆ ಕೈಹಿಡಿದದ್ದು ಇದೇ, ಮಕ್ಕಳ ಮುಖದಲ್ಲಿ ಧೈರ್ಯವೂ ಬಂತು. ಉಡುಪು ಹಾಕಿಸಿ ಮಾಡುವ ರಿಹರ್ಸಲ್‌ಗೆ ಮೊದಲೇ ಇದನ್ನು ಮುಗಿಸಿಕೊಳ್ಳಿ.