ವೈಶಾಖದ ಆದಾಯ ನೋಡಿ ಮಾಡಿದ ಸಾಲ, ಆಷಾಢದಲ್ಲಿ ಕಟ್ಟಬೇಕಾದ ಕಂತು

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ: ತಿಂಗಳ ಸಂಬಳವಿಲ್ಲದ ದುಡಿಮೆ, ತೀರದ ಕಂತು, ಇನ್ನೊಂದು ಸಾಲ ಎಲ್ಲಿ ಸಿಗುತ್ತದೆ? ಧಾರವಾಡದಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದ ನನಗೆ ಈ ಪ್ರಶ್ನೆಯ ಕೊನೆಯ ಭಾಗ ಕಂಡಾಗಲೆಲ್ಲ ಸಂಕಟವೂ ಸಿಟ್ಟೂ ಒಟ್ಟಿಗೆ ಬರುತ್ತವೆ. ಖರ್ಚನ್ನು ಬರೆದಿಡಿ, ಬೇಡದ್ದನ್ನು ಕೊಳ್ಳಬೇಡಿ ಎಂಬ ಮಾತುಗಳನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಅವು ಎಲ್ಲರಿಗೂ ಗೊತ್ತಿವೆ. ಹುಬ್ಬಳ್ಳಿಯ ಒಂದು ಪತ್ರದಲ್ಲಿ ಲೆಕ್ಕ ಪೂರ್ತಿಯಾಗಿ ಇರುವುದರಿಂದ ಹೆಚ್ಚಿನ ಜಾಗವನ್ನು ಅದಕ್ಕೇ ಕೊಡುತ್ತೇನೆ.

ಪ್ರಶ್ನೆ: ನಮ್ಮ ಮನೆಯವರು ಸ್ಟುಡಿಯೊ ಕೆಲಸ ಬಿಟ್ಟು ನಾಲ್ಕು ವರ್ಷಗಳಿಂದ ಸ್ವಂತವಾಗಿ ಮದುವೆ, ಗೃಹಪ್ರವೇಶ ಮತ್ತು ಕಂಪನಿ ಕಾರ್ಯಕ್ರಮಗಳ ವಿಡಿಯೊ ಮಾಡುತ್ತಾರೆ. ಸಹಾಯಕರ ಕೂಲಿ ಮತ್ತು ಓಡಾಟದ ಖರ್ಚು ಕಳೆದು ಹೋದ ವರ್ಷ ಕೈಗೆ ಉಳಿದದ್ದು 5,40,000 ರೂಪಾಯಿ. ಆದರೆ ಮೇ ತಿಂಗಳಲ್ಲಿ 1,10,000 ಬಂದರೆ ಆಷಾಢದಲ್ಲಿ ಬಂದದ್ದು 9,000. ಕ್ಯಾಮೆರಾ ಮತ್ತು ಡ್ರೋನ್ ಸಾಲ 2,20,000 ಬಾಕಿ ಇದೆ, ಕಂತು 9,800. ಡ್ರೋನ್ ವರ್ಷದಲ್ಲಿ ಆರೇಳು ಬಾರಿ ಹಾರಿದ್ದರೆ ಹೆಚ್ಚು. ಬೈಕಿನ ಕಂತು 3,400. ಕ್ರೆಡಿಟ್ ಕಾರ್ಡಿನ ಬಾಕಿ 1,10,000, ಅದಕ್ಕೆ ತಿಂಗಳಿಗೆ ಕನಿಷ್ಠ ಮೊತ್ತವೆಂದು 5,500 ಕಟ್ಟುತ್ತೇವೆ. ನೂರಕ್ಕೆ ಮೂರರ ಬಡ್ಡಿಯಲ್ಲಿ ಪರಿಚಯದವರಿಂದ ತಂದ ಕೈಗಡ 80,000. ಅತ್ತೆಯವರ ಆಸ್ಪತ್ರೆ ಖರ್ಚಿಗಾಗಿ ನಾನು ಮೈಕ್ರೊ ಫೈನಾನ್ಸ್ ಗುಂಪಿನಲ್ಲಿ ತೆಗೆದ ಸಾಲಕ್ಕೆ ತಿಂಗಳಿಗೆ 3,200 ಹೋಗುತ್ತದೆ, ಇನ್ನೂ ಏಳು ತಿಂಗಳು ಉಳಿದಿವೆ. ಇದು ಮನೆಯವರಿಗೆ ಗೊತ್ತಿಲ್ಲ. ಮನೆ ಖರ್ಚು 24,000. ಎಲ್ಲವನ್ನೂ ಕೂಡಿಸಿ ಒಂದೇ ಪರ್ಸನಲ್ ಲೋನ್ ಮಾಡಿಸಿಕೊಡುತ್ತೇನೆ, ಮೊದಲು 12,000 ಕೊಡಿ ಎಂದು ಒಬ್ಬ ಏಜೆಂಟರು ಹೇಳುತ್ತಿದ್ದಾರೆ. ನನ್ನ ಹತ್ತಿರ ಐದು ತೊಲೆ ಬಂಗಾರವಿದೆ. ಏನು ಮಾಡಬೇಕು? (ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಸಾಲ ಮಂಜೂರಾಗುವ ಮೊದಲೇ ತನ್ನ ಸ್ವಂತ ಖಾತೆಗೆ ಹಣ ಹಾಕಿಸಿಕೊಳ್ಳುವವನು ಸಾಲ ಕೊಡಿಸುವವನಲ್ಲ. ಒಂದು ವೇಳೆ ಸಾಲ ನಿಜವಾಗಿ ಸಿಕ್ಕರೂ ಅದು ನಿಮಗೆ ಬೇಡ. ಸಂಬಳದ ಚೀಟಿ ಇಲ್ಲದವರಿಗೆ ಪರ್ಸನಲ್ ಲೋನ್ ದುಬಾರಿ ದರದಲ್ಲೇ ಸಿಗುತ್ತದೆ, ಮತ್ತು ಕಾರ್ಡಿನ ಬಾಕಿ ಒಮ್ಮೆಗೇ ತೀರಿದ ಮನೆಗಳಲ್ಲಿ ವರ್ಷ ಕಳೆಯುವುದರೊಳಗೆ ಕಾರ್ಡು ಮತ್ತೆ ತುಂಬಿ, ಲೋನಿನ ಕಂತಿನ ಜೊತೆಗೆ ಹಳೆಯ ಬಾಕಿಯೂ ತಿರುಗಿ ಬಂದು ಕುಳಿತದ್ದನ್ನು ನಾನು ಲೆಕ್ಕವಿಲ್ಲದಷ್ಟು ಬಾರಿ ನೋಡಿದ್ದೇನೆ.

ಗುಂಪಿನ ಸಾಲದ ವಿಷಯವನ್ನು ನಿಮ್ಮ ಮನೆಯವರಿಗೆ ಇಂದೇ ಹೇಳಿ, ತಂಗಿ. ಮುಂದೆ ನಾನು ಬರೆಯುವ ಯಾವ ಲೆಕ್ಕವೂ ಅದನ್ನು ಹೇಳದೆ ಕೂಡುವುದಿಲ್ಲ. ಮನೆಯಲ್ಲಿ ತಿಂಗಳಿಗೆ 3,200 ಎಲ್ಲಿ ಹೋಗುತ್ತಿದೆ ಎಂದು ತಿಳಿಯದ ಮನುಷ್ಯ ಆ ಹಣ ಇದೆ ಎಂದೇ ನಂಬಿ ಹೊಸ ಲೆನ್ಸಿಗೆ ಮುಂಗಡ ಕೊಟ್ಟು ಬರುತ್ತಾನೆ. ನೀವು ಆ ಸಾಲ ಮಾಡಿದ್ದು ಅವರ ತಾಯಿಯ ಚಿಕಿತ್ಸೆಗೆ. ಅದರಲ್ಲಿ ತಲೆ ತಗ್ಗಿಸುವಂಥದ್ದು ಏನೂ ಇಲ್ಲ. ನನ್ನೆದುರು ಕುಳಿತ ದಂಪತಿಗಳಲ್ಲಿ ಒಬ್ಬರು ಬಾಯಿ ಬಿಟ್ಟ ಮೇಲೆ ಇನ್ನೊಬ್ಬರೂ ಎಲ್ಲೋ ಬರೆಸಿದ ಉದ್ರಿಯನ್ನು ಹೇಳಿಕೊಂಡದ್ದೇ ಹೆಚ್ಚು. ಅತ್ತೆಯವರನ್ನೂ ಈ ಮಾತಿಗೆ ಕೂರಿಸಿಕೊಳ್ಳಿ. ಗುಂಪಿನ ಸಾಲದಲ್ಲಿ ನೀವು ತಪ್ಪಿದರೆ ಹೊರೆ ನಿಮ್ಮ ಓಣಿಯ ಹೆಣ್ಣುಮಕ್ಕಳ ಮೇಲೆ ಬೀಳುತ್ತದೆ, ಆದ್ದರಿಂದ ಆ ಏಳು ಕಂತುಗಳನ್ನು ಒಂದೂ ತಪ್ಪಿಸಬೇಡಿ.

ಈಗ ಲೆಕ್ಕಕ್ಕೆ ಬರೋಣ. ಕೈಗಡದ ಬಡ್ಡಿ 2,400 ಸೇರಿಸಿದರೆ ನಿಮ್ಮ ಸಾಲಗಳಿಗೆ ತಿಂಗಳಿಗೆ 24,300 ಹೋಗುತ್ತದೆ. ಮನೆ ಖರ್ಚು ಕೂಡಿದರೆ 48,300. ಸರಾಸರಿ ಆದಾಯ 45,000. ತಿಂಗಳಿಗೆ 3,300ರ ಈ ಕೊರತೆಯೇ ಕಾರ್ಡಿನ ಬಾಕಿಯಾಗಿ ಬೆಳೆದಿದೆ. ಮೇ ತಿಂಗಳಲ್ಲಿ ಕೈತುಂಬ ಹಣ ಕಂಡಾಗ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ, ಡ್ರೋನಿನಂಥ ನಿರ್ಧಾರಗಳು ಹುಟ್ಟುವುದು ಅಂಥ ತಿಂಗಳಿನಲ್ಲಿಯೇ.

ಕೈಗಡವನ್ನು ನೋಡಿ. ನೂರಕ್ಕೆ ಮೂರು ಎಂಬುದು ಕಿವಿಗೆ ಸಣ್ಣದಾಗಿ ಕೇಳುತ್ತದೆ. ಅದು ತಿಂಗಳ ದರ, ವರ್ಷಕ್ಕೆ ಶೇ 36. ಕಾರ್ಡು ಅದಕ್ಕಿಂತ ಕೆಟ್ಟದ್ದು. ತಿಂಗಳಿಗೆ ಶೇ 3.5ರ ದರ ಎಂದು ಹಿಡಿದರೆ 1,10,000ಕ್ಕೆ ಬಡ್ಡಿ 3,850, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 693. ನೀವು ಕಟ್ಟುವ 5,500ರಲ್ಲಿ ಅಸಲಿಗೆ ಹೋಗುವುದು 957 ರೂಪಾಯಿ ಮಾತ್ರ. ಹಳೆಯ ಬಾಕಿ ಇರುವಷ್ಟು ದಿನ ಹೊಸ ಖರೀದಿಗೆ ಬಡ್ಡಿಯಿಲ್ಲದ ಅವಧಿಯೂ ಸಿಗುವುದಿಲ್ಲ, ಹಾಲು ತರಕಾರಿಗೂ ಕಾರ್ಡು ಉಜ್ಜಿದ ದಿನದಿಂದಲೇ ಬಡ್ಡಿ ಓಡುತ್ತದೆ. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಎಂಬ ನಂಬಿಕೆಯಷ್ಟು ಸಂಸಾರಗಳನ್ನು ಹಿಂಡಿದ ನಂಬಿಕೆ ಇನ್ನೊಂದಿಲ್ಲ.

ಬಂಗಾರವನ್ನು ಮಾರಬೇಡಿ; ಬ್ಯಾಂಕಿನಲ್ಲಿ ಅಡವಿಟ್ಟು 1,90,000 ತೆಗೆದು ಕೈಗಡ ಮತ್ತು ಕಾರ್ಡು ಎರಡನ್ನೂ ಒಂದೇ ವಾರದಲ್ಲಿ ಮುಗಿಸಿ. ಹಣ ತರುವಾಗ ಪ್ರಾಮಿಸರಿ ನೋಟು (ಸಾಲದ ಪತ್ರ) ಅಥವಾ ಸಹಿ ಮಾಡಿದ ಚೆಕ್ಕು ಕೊಟ್ಟಿದ್ದರೆ, ಕೈಗಡ ಕೊಟ್ಟವರಿಂದ ಅವನ್ನು ವಾಪಸು ಪಡೆಯದೆ ಹಣ ಎಣಿಸಬೇಡಿ. ಬ್ಯಾಂಕಿನ ಬಡ್ಡಿ ವರ್ಷಕ್ಕೆ ಶೇ 10 ಎಂದುಕೊಂಡರೂ ತಿಂಗಳಿಗೆ ಸುಮಾರು 1,600 ಆಗುತ್ತದೆ. ಇಂದು ಆ ಎರಡು ಸಾಲಗಳಿಗೆ ನೀವು ಕೊಡುತ್ತಿರುವುದು 7,900. ಕಾರ್ಡನ್ನು ಕತ್ತರಿಸುವುದಷ್ಟೇ ಸಾಲದು, ಖಾತೆಯನ್ನು ಮುಚ್ಚಲು ಬರೆದುಕೊಡಿ. ಕಾರ್ಡು ಇಟ್ಟುಕೊಂಡರೆ ಸಿಬಿಲ್ ಸ್ಕೋರು, ಎಂದರೆ ಸಾಲ ತೀರಿಸುವ ನಡತೆಗೆ ಸಿಗುವ ಅಂಕ, ಬೆಳೆಯುತ್ತದೆ ಎಂದು ನಿಮಗೆ ಯಾರಾದರೂ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೂ ನಿಮ್ಮ ಮನೆಗೆ ಇನ್ನು ಮೂರು ವರ್ಷ ಕಾರ್ಡು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ, ಇದರಲ್ಲಿ ನಾನು ಅತಿ ಎಚ್ಚರಿಕೆಯವನೆಂದು ಅನ್ನಿಸಿಕೊಳ್ಳಲು ಸಿದ್ಧನಿದ್ದೇನೆ.

ಡ್ರೋನನ್ನು ಸಾಲ ಕೊಟ್ಟವರ ಒಪ್ಪಿಗೆ ಪಡೆದು ಮಾರಿ. ಆರೇಳು ದಿನಗಳ ಕೆಲಸಕ್ಕೆ ಬಾಡಿಗೆಗೆ ತಂದರೆ ಆಯಿತು. 60,000 ಬಂದರೂ ಅದನ್ನು ಅಸಲಿಗೆ ಕಟ್ಟಿ, ಅವಧಿಯನ್ನು ಹಾಗೆಯೇ ಬಿಟ್ಟು ಕಂತನ್ನು ಇಳಿಸಲು ಲಿಖಿತವಾಗಿ ಕೇಳಿ. ಕಂತು ಸುಮಾರು 7,100ಕ್ಕೆ ಬರುತ್ತದೆ. ಮುಂಗಡ ಪಾವತಿಗೆ ಶುಲ್ಕವಿದೆಯೇ ಎಂಬುದನ್ನು ಮೊದಲೇ ವಿಚಾರಿಸಿ. ಇಷ್ಟಾದ ಮೇಲೆ ಕಂತು ಮತ್ತು ಬಡ್ಡಿ ಎಲ್ಲ ಸೇರಿ 15,300, ಮನೆ ಖರ್ಚಿನೊಂದಿಗೆ 39,300.

ಇನ್ನು ಆದಾಯ. ಬಂದ ಹಣವೆಲ್ಲ ನೇರವಾಗಿ ಮನೆಯೊಳಗೆ ಬರಬಾರದು. ವಿಡಿಯೊ ಕೆಲಸದ ಹಣಕ್ಕೆಂದೇ ಎಟಿಎಂ ಕಾರ್ಡು, ಫೋನ್‌ಪೇ ಯಾವುದೂ ಜೋಡಿಸದ ಬೇರೆ ಖಾತೆ ಇರಲಿ, ಅದರಿಂದ ಪ್ರತಿ ತಿಂಗಳ 1ನೇ ತಾರೀಖು ನಿಗದಿತ ಮೊತ್ತ ಮನೆಯ ಖಾತೆಗೆ ಸಂಬಳದಂತೆ ಬರಲಿ. ಆ ಸಂಬಳ ಎಷ್ಟು ಎಂಬುದರಲ್ಲಿ ಜನ ತಪ್ಪುತ್ತಾರೆ. ವರ್ಷದ ಉಳಿಕೆಯನ್ನು ಹನ್ನೆರಡರಿಂದ ಭಾಗಿಸಿ ಬಿಡುತ್ತಾರೆ. ಮೊದಲು ಆರನೆಯ ಒಂದು ಪಾಲನ್ನು, ಎಂದರೆ ನಿಮ್ಮ ಲೆಕ್ಕದಲ್ಲಿ 90,000ವನ್ನು, ಬದಿಗೆ ತೆಗೆಯಿರಿ. ಉಳಿದ 4,50,000ಕ್ಕೆ ತಿಂಗಳ ಸಂಬಳ 37,500. ಈ 90,000ದಲ್ಲಿ 50,000 ಬಂಗಾರದ ಸಾಲದ ಅಸಲಿಗೆ, 40,000 ಕ್ಯಾಮೆರಾ ಕೆಟ್ಟರೆ, ಮನೆಯಲ್ಲಿ ಯಾರಾದರೂ ಕಾಯಿಲೆಯಿಂದ ಮಲಗಿದರೆ ಎಂದು. ಹೀಗೆ ನಡೆದರೂ ಬಂಗಾರ ಮರಳಿ ಮನೆಗೆ ಬರಲು ಮೂರು ವರ್ಷಕ್ಕಿಂತ ಹೆಚ್ಚು ಬೇಕು. ವರ್ಷಕ್ಕೊಮ್ಮೆ ಬಡ್ಡಿ ಮತ್ತು ಅಷ್ಟು ಅಸಲು ಕಟ್ಟಿ ನವೀಕರಿಸಬೇಕು. ಒಂದೇ ವರ್ಷದಲ್ಲಿ ಬಿಡಿಸಿಕೊಳ್ಳಬಹುದು ಎಂದು ನಿಮ್ಮನ್ನು ಸಮಾಧಾನಪಡಿಸುವುದು ನನ್ನಿಂದಾಗದು.

37,500ಕ್ಕೂ 39,300ಕ್ಕೂ ನಡುವೆ ಇನ್ನೂ 1,800 ಕಡಿಮೆ ಬೀಳುತ್ತದೆ. ಗುಂಪಿನ ಸಾಲ ತೀರುವ ಏಳು ತಿಂಗಳವರೆಗೆ ಇದನ್ನು 24,000ದಿಂದಲೇ ಹೊಂದಿಸಬೇಕು. ಎಲ್ಲಿ ಕಡಿತ ಮಾಡಬೇಕೆಂಬುದು ನಿಮಗೇ ಗೊತ್ತು. ಮಕ್ಕಳ ಶಾಲೆ ಶುಲ್ಕ ಮತ್ತು ಅತ್ತೆಯವರ ಗುಳಿಗೆ ಆ ಪಟ್ಟಿಯಲ್ಲಿ ಇರಕೂಡದು. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ಕಂತಿನ ಲೆಕ್ಕಕ್ಕೆ ಹಿಡಿಯಬೇಡಿ. ಅದು ತಾರೀಖಿಗೆ ಸರಿಯಾಗಿ ಬರುವ ಹಣವಲ್ಲ.

ಪಂಚಾಂಗವನ್ನೂ ಲೆಕ್ಕದ ಪುಸ್ತಕದೊಳಗೆ ಇಟ್ಟುಕೊಳ್ಳಿ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ನಿಮ್ಮ ವರ್ಷದ ಹಣವೆಲ್ಲ ಬರುವ ಹೊತ್ತಿನಲ್ಲಿಯೇ ಒಂದು ತಿಂಗಳು ಮುಹೂರ್ತವಿಲ್ಲ, ನಿಜ ಜ್ಯೇಷ್ಠ ಮುಗಿಯುತ್ತಲೇ ಆಷಾಢ. ಅಂಥ ವರ್ಷಕ್ಕೆ ಹಿಂದಿನ ವರ್ಷದ ಸಂಬಳವನ್ನೇ ನಿಗದಿ ಮಾಡಿದರೆ ದೀಪಾವಳಿಗೆ ಖಾತೆ ಬರಿದಾಗಿರುತ್ತದೆ. ಖಾಲಿ ತಿಂಗಳಿನಲ್ಲಿ ನಿಮ್ಮ ಮನೆಯವರು ಹಿಂದಿನ ಮದುವೆಗಳ ಎಡಿಟಿಂಗ್ ಮುಗಿಸಿ ಬಾಕಿ ವಸೂಲಿ ಮಾಡಲಿ; ವಿಡಿಯೊ ಕೈಗೆ ಬರದೆ ಮದುವೆ ಮಾಡಿದವರು ಉಳಿದ ಹಣ ಕೊಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ಕಂಪನಿಗಳ ಬಾಕಿಯ ವಿಷಯ ಬೇರೆ. ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡ ಕಿರು ಉದ್ಯಮಿಗೆ 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ, ಎಂದರೆ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹೆಚ್ಚೆಂದರೆ 45 ದಿನಗಳೊಳಗೆ ಹಣ ಬರಬೇಕು, ತಡವಾದರೆ ರಿಸರ್ವ್ ಬ್ಯಾಂಕು ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. ನೋಂದಣಿ ಉಚಿತ. ಕಂಪನಿಗಳು ಮೂಲದಲ್ಲಿ ಹಿಡಿದುಕೊಂಡ ತೆರಿಗೆ (ಟಿಡಿಎಸ್) ನಿಮ್ಮದೇ ಹಣ. ಆದಾಯ ತೆರಿಗೆ ರಿಟರ್ನ್ ಸಲ್ಲಿಸದಿದ್ದರೆ ಅದು ವಾಪಸು ಬರುವುದಿಲ್ಲ, ನಾಳೆ ಬ್ಯಾಂಕಿನಲ್ಲಿ ತೋರಿಸಲು ಆದಾಯದ ದಾಖಲೆಯೂ ಇರುವುದಿಲ್ಲ.

ಪ್ರಶ್ನೆ: ತಕ್ಷಣ ಸಾಲ ಕೊಡುವ ಒಳ್ಳೆಯ ಆ್ಯಪ್ ಯಾವುದು? (ಗದಗ)

ಉತ್ತರ: ಈ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ನಿಮ್ಮ ಫೋನಿನಲ್ಲಿರುವ ನಂಬರುಗಳನ್ನೂ ಫೋಟೊಗಳನ್ನೂ ಕೇಳುವ ಸಾಲದ ಆ್ಯಪ್ ರಿಸರ್ವ್ ಬ್ಯಾಂಕಿನ ನಿಯಮವನ್ನು ಮುರಿಯುತ್ತಿದೆ ಎಂಬುದಷ್ಟನ್ನು ನೆನಪಿಡಿ.

ಪ್ರಶ್ನೆ: 5,000 ಕೊಟ್ಟರೆ ಸಿಬಿಲ್ ಸ್ಕೋರ್ ಏರಿಸಿಕೊಡುತ್ತೇವೆ ಎನ್ನುವವರನ್ನು ನಂಬಬಹುದೆ? ಮಂಗಳವಾರ ಕಂತು ಕಟ್ಟಿದರೆ ಸಾಲ ಬೇಗ ತೀರುತ್ತದೆ ಎಂಬುದು ನಿಜವೆ? (ರಾಣೆಬೆನ್ನೂರು)

ಉತ್ತರ: ಎರಡಕ್ಕೂ ಇಲ್ಲ. ನಿಮ್ಮ ಸಾಲಗಳ ಪೂರ್ಣ ವರದಿ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುತ್ತದೆ, ಅದರಲ್ಲಿ ತಪ್ಪಿದ್ದರೆ ತಿದ್ದಿಸಲು ಹಣ ಕೊಡಬೇಕಾಗಿಲ್ಲ, ತಪ್ಪಿಲ್ಲದ್ದನ್ನು ಯಾರೂ ತಿದ್ದಲಾರರು. ಅರ್ಧ ಕಟ್ಟಿ ಸಾಲ ಮುಗಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳೂ ಇದೇ ಜಾತಿಯವರು. ಅವರು ತಮ್ಮ ಶುಲ್ಕ ಪಡೆದು ಹೋಗುತ್ತಾರೆ, ನಿಮ್ಮ ವರದಿಯಲ್ಲಿ 'ಸೆಟಲ್ಡ್', ಎಂದರೆ ಪೂರ್ತಿ ಕಟ್ಟದೆ ಮುಗಿಸಿದ ಸಾಲ, ಎಂಬ ಕಪ್ಪು ಗುರುತು ಉಳಿಯುತ್ತದೆ. ಕಂತನ್ನು ಗಡುವಿನ ಮೊದಲು ಯಾವ ವಾರವಾದರೂ ಕಟ್ಟಿ.

ಪ್ರಶ್ನೆ: ಸೀಸನ್ನಿನಲ್ಲಿ ಉಳಿದ ಹಣವನ್ನು ಹೆಚ್ಚು ಬಡ್ಡಿ ಕೊಡುವ ಪತ್ತಿನ ಸಹಕಾರಿ ಸಂಘದಲ್ಲಿ ಇಡಬಹುದೆ? (ಗದಗ)

ಉತ್ತರ: ಸಹಕಾರ ಚಳವಳಿಯ ಬಗ್ಗೆ ನನಗೆ ಅಪಾರ ಗೌರವವಿದೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಕಣಗಿನಹಾಳ ನಿಮ್ಮ ತಾಲ್ಲೂಕಿನದೇ. ಆದರೆ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿಯ ವಿಮೆ ಪತ್ತಿನ ಸಂಘದ ಠೇವಣಿಗೆ ಇಲ್ಲ. ಆಪತ್ತಿಗೆಂದು ಇಟ್ಟ ಹಣ ಬ್ಯಾಂಕಿನಲ್ಲಿಯೇ ಇರಲಿ.

ಪ್ರಶ್ನೆ: ಜೊತೆಗೆ ಕೆಲಸ ಮಾಡುವ ಗೆಳೆಯನಿಗೆ ಜಾಮೀನು ನಿಲ್ಲಬಹುದೆ? (ಧಾರವಾಡ)

ಉತ್ತರ: ಬೇಡ. ಶಾಲಾ ಶಿಕ್ಷಕರಾಗಿದ್ದ ನನ್ನ ತಂದೆ ಗೆಳೆಯರೊಬ್ಬರಿಗೆ ಜಾಮೀನು ನಿಂತು, ಆರು ವರ್ಷ ತಮ್ಮ ಸಂಬಳದಿಂದ ಅವರ ಸಾಲ ತೀರಿಸಿದರು.

ಪ್ರಶ್ನೆ: ಎರಡು ಕಂತು ತಪ್ಪಿದ್ದಕ್ಕೆ ವಸೂಲಿಯವರು ರಾತ್ರಿ ಹತ್ತಕ್ಕೆ ಬಂದು ಓಣಿಯ ಜನರೆದುರು ಬೈಯುತ್ತಾರೆ. ಈ ಅವಮಾನ ಸಹಿಸಿ ಬದುಕುವುದು ಬೇಡವೆನಿಸುತ್ತಿದೆ. (ಹಾವೇರಿ)

ಉತ್ತರ: ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಕಂತು ತಪ್ಪುವುದು ಅಪರಾಧವಲ್ಲ. ಅವರು ನಡೆದುಕೊಂಡ ರೀತಿ ಕಾನೂನಿಗೆ ವಿರುದ್ಧ. ಬೆಳಿಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ನಂತರ ವಸೂಲಿಗೆ ಪೀಡಿಸುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಕಿರು ಸಾಲದ ಬಲವಂತದ ವಸೂಲಿಯನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ 10 ವರ್ಷದವರೆಗಿನ ಜೈಲು ಮತ್ತು 5 ಲಕ್ಷದವರೆಗಿನ ದಂಡವಿತ್ತು, ಅದು ಆಮೇಲೆ ಕಾಯ್ದೆಯೂ ಆಯಿತು. ಅವರು ಬಂದ ದಿನ, ಹೊತ್ತು, ಆಡಿದ ಮಾತುಗಳನ್ನು ಬರೆದಿಟ್ಟು, ಸಾಧ್ಯವಾದರೆ ಫೋನಿನಲ್ಲಿ ದಾಖಲಿಸಿ, ಠಾಣೆಯಲ್ಲಿ ದೂರು ಕೊಡಿ, ಒಬ್ಬರೇ ಹೋಗಬೇಡಿ. ಸಾಲ ಕೊಟ್ಟದ್ದು ಬ್ಯಾಂಕು ಅಥವಾ ನೋಂದಾಯಿತ ಫೈನಾನ್ಸ್ ಕಂಪನಿಯಾಗಿದ್ದರೆ ಅಲ್ಲಿಗೂ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಇವೆಲ್ಲಕ್ಕಿಂತ ಮೊದಲು, ಪತ್ರದ ಕೊನೆಯ ಸಾಲಿನಲ್ಲಿ ಬರೆದ ಮಾತನ್ನು ಇಂದೇ ಮನೆಯಲ್ಲಿ ಒಬ್ಬರಿಗೆ ಹೇಳಿ, ಮತ್ತು 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತನಾಡುತ್ತಾರೆ. ನೀವು ವಿಳಾಸ ಬರೆದಿಲ್ಲ. ಇನ್ನೊಂದು ಪತ್ರದಲ್ಲಿ ದೂರವಾಣಿ ಸಂಖ್ಯೆಯನ್ನು ಬರೆಯಿರಿ, ನಿಮ್ಮ ಕಂತುಗಳ ಲೆಕ್ಕವನ್ನು ನಾನೇ ಕುಳಿತು ನೋಡುತ್ತೇನೆ.