ಟೆಂಟ್ ಕೊಳ್ಳುವ ಮೊದಲು ಮಣ್ಣನ್ನು ತಿಳಿದುಕೊಳ್ಳಿ

ಕಲಬುರಗಿಯಿಂದ ಒಬ್ಬರೇ ಸೈಕಲ್ಲಿಗೆ ಟೆಂಟ್ ಕಟ್ಟಿಕೊಂಡು ಬೀದರ್, ಚಿಂಚೋಳಿ, ಯಾದಗಿರಿ ಸುತ್ತಿ ಬರಬೇಕೆಂದಿದ್ದೀರಿ. ಯಾವ ಸೈಕಲ್, ಎಂಥ ಟೆಂಟ್, ಯಾರ ಕಣ್ಣಿಗೂ ಬೀಳದಂತೆ ರಾತ್ರಿ ಎಲ್ಲಿ ತಂಗಬೇಕು ಎಂದು ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನು ಇದೇ ದಾರಿಯನ್ನು ಇದೇ ಲೆಕ್ಕಾಚಾರದಲ್ಲಿ ಹಿಡಿದು, ಯಾದಗಿರಿಯನ್ನು ಮುಟ್ಟದೆಯೇ ಮನೆಗೆ ಮರಳಿದವನು. ಸೈಕಲ್ಲಿನ ಮಾತು ಆಮೇಲೆ ಆಡೋಣ. ನಿಮ್ಮ ಪ್ರಶ್ನೆಯ ಕೊನೆಯ ಭಾಗವೇ ನನ್ನನ್ನು ಕೆಡಿಸಿದ್ದು.

ದಸರಾ ರಜೆಯಲ್ಲಿ ಹೊರಟಿದ್ದೆ. ಕಮಲಾಪುರದವರೆಗೆ ಎಲ್ಲವೂ ಹಬ್ಬದಂತೆಯೇ ಇತ್ತು. ಅಲ್ಲಿಯ ಕೆಂಪು ಬಾಳೆಹಣ್ಣನ್ನು ಹ್ಯಾಂಡಲಿನ ಚೀಲಕ್ಕೆ ತುಂಬಿಕೊಂಡು, ರಸ್ತೆಯ ಎರಡೂ ಕಡೆ ಆಳೆತ್ತರಕ್ಕೆ ನಿಂತಿದ್ದ ತೊಗರಿಯನ್ನು ನೋಡುತ್ತ ಹುಮನಾಬಾದಿನ ಕಡೆಗೆ ಏರತೊಡಗಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಬೀದರ್ 600 ಮೀಟರಿಗೂ ಮೇಲಿದೆ. ಬಸ್ಸಿನಲ್ಲಿ ಕುಳಿತವರಿಗೆ ಈ ವ್ಯತ್ಯಾಸ ತಿಳಿಯುವುದೇ ಇಲ್ಲ, ಆದರೆ ಹಿಂದಿನ ಕ್ಯಾರಿಯರಿನ ಮೇಲೆ ಟೆಂಟು, ಹಾಸಿಗೆ, ಸ್ಟವ್ವು, ನೀರು ಹೇರಿಕೊಂಡವನ ತೊಡೆಗಳಿಗೆ ಪ್ರತಿ ಏರೂ ತಿಳಿಯುತ್ತದೆ. ಮೊದಲ ರಾತ್ರಿ ಹುಮನಾಬಾದ್ ದಾಟಿ, ಪಾಳುಬಿದ್ದ ಒಂದು ಕಲ್ಲಿನ ಗಣಿಯ ಹಿಂದೆ ಗರಸು ನೆಲದಲ್ಲಿ ಯಾರಿಗೂ ಕಾಣದಂತೆ ಟೆಂಟ್ ಹಾಕಿ ಮಲಗಿದೆ. ಬೆಳಗಿನ ಜಾವ ತುಂತುರು ಮಳೆಯಾದರೂ ನೆಲ ಒಣಗಿಯೇ ಇತ್ತು. ಆ ಒಂದು ರಾತ್ರಿ ಸಲೀಸಾಗಿ ಕಳೆದದ್ದರಿಂದ ನನ್ನ ಲೆಕ್ಕಾಚಾರವೇ ಸರಿಯೆಂಬ ಭಂಡ ಧೈರ್ಯ ಬಂದುಬಿಟ್ಟಿತು.

ಬೀದರಿನಲ್ಲಿ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ ಹೊಟ್ಟೆ ತುಂಬ ಉಂಡೆ. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾ ನೋಡಿದೆ. ನೌಬಾದಿಗೆ ಹೋಗಿ, ಬಹಮನಿ ಸುಲ್ತಾನರ ಕಾಲದ ಸುರಂಗ ಬಾವಿಯ ಬಾಯಿಗೆ ಬಗ್ಗಿ ನೋಡಿದೆ. ಬೀದರಿನ ನೆಲದಲ್ಲಿ ಮೇಲಿನ ಪದರ ತೂತುತೂತಾದ ಜಂಬಿಟ್ಟಿಗೆ ಕಲ್ಲು. ಮಳೆಯ ನೀರು ಅದರ ಮೂಲಕ ಜಿನುಗಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲಿನ ಮೇಲೆ ನಿಲ್ಲುತ್ತದೆ. ಆ ನೀರನ್ನೇ ನೆಲದಡಿಯ ಕಾಲುವೆಯಲ್ಲಿ ಹರಿಸಿದ ಜಾಣತನಕ್ಕೆ ತಲೆದೂಗಿದೆ, ಫೋಟೊ ತೆಗೆದೆ. ಹಿಂದಿನ ರಾತ್ರಿ ನನ್ನ ಟೆಂಟಿನ ಕೆಳಗೆ ನೀರು ನಿಲ್ಲದಿದ್ದುದಕ್ಕೂ ಅಂಥ ನೆಲವೇ ಕಾರಣ, ದಕ್ಷಿಣಕ್ಕೆ ಇಳಿದಂತೆ ಆ ನೆಲ ನನ್ನ ಜೊತೆ ಬರುವುದಿಲ್ಲ ಎಂಬುದು ಮಾತ್ರ ಹೊಳೆಯಲೇ ಇಲ್ಲ.

ಮನ್ನಾಎಖೆಳ್ಳಿಯ ಮೇಲೆ ಚಿಂಚೋಳಿಗೆ ಬಂದೆ. ಚಂದ್ರಂಪಳ್ಳಿ ಜಲಾಶಯದ ದಂಡೆಯಲ್ಲಿ ಟೆಂಟ್ ಹಾಕುವ ಆಸೆ ನಿಮಗೂ ಇರಬಹುದು. ಅದು ವನ್ಯಜೀವಿ ಧಾಮದ ಪ್ರದೇಶ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ರಾತ್ರಿ ಕಳೆಯುವ ಯೋಚನೆಯನ್ನೇ ಮಾಡಬೇಡಿ. ನಾನು ಅಲ್ಲಿ ನಿಲ್ಲದೆ ಸುಲೇಪೇಟೆಯ ದಾರಿ ಹಿಡಿದೆ. ಹೊತ್ತು ಮುಳುಗುವ ಸಮಯಕ್ಕೆ ರಸ್ತೆಯ ಬದಿಯಲ್ಲಿ ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನನ್ನ ಹೇರನ್ನು ನೋಡಿ ನಿಂತರು.

"ತಮ್ಮಾ, ಇಷ್ಟ್ ಹೊತ್ನಾಗ ಎಲ್ಲಿಗಿ ಹೊಂಟಿ? ಮೋಡ ನೋಡು ಹ್ಯಾಂಗ ಆಗ್ಯಾದ. ಊರಾಗ ಹಣಮಪ್ಪನ ಗುಡಿ ಅದ, ಅಲ್ಲೇ ಮಲ್ಕೊ" ಎಂದರು.

"ಇಲ್ರಿ ಕಾಕಾ, ಮುಂದಿನೂರಾಗ ನಮ್ಮ ಮಂದಿ ಅದಾರ" ಎಂದು ಸುಳ್ಳು ಹೇಳಿ ಮುಂದೆ ಸಾಗಿದೆ. ಅವರು ತಿರುವಿನಲ್ಲಿ ಮರೆಯಾಗುವವರೆಗೆ ಕಾದು, ಡಾಂಬರು ರಸ್ತೆ ಬಿಟ್ಟು ಒಂದು ಬಂಡಿದಾರಿಗೆ ಇಳಿದೆ. ತೊಗರಿ ಹೊಲಗಳ ನಡುವೆ ಸುಮಾರು ಅರ್ಧ ಕಿಲೋಮೀಟರ್ ಒಳಗೆ ಹೋಗಿ, ಬೇವಿನ ಮರವೊಂದರ ಕೆಳಗೆ ಟೆಂಟ್ ಹಾಕಿದೆ.

ಆ ಅರ್ಧ ಕಿಲೋಮೀಟರನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅದು ಅಪ್ಪಟ ಎರೆಭೂಮಿ. ಎರೆಮಣ್ಣಿನಲ್ಲಿರುವ ಜೇಡಿಯ ಗುಣವೆಂದರೆ ನೀರು ಕುಡಿದರೆ ಉಬ್ಬುವುದು, ಒಣಗಿದರೆ ಕುಗ್ಗಿ ಬಿರುಕು ಬಿಡುವುದು. ಒಣಗಿದ್ದಾಗ ಸೈಕಲ್ ಓಡಿಸಲು ಅದು ಸಿಮೆಂಟಿನ ಅಂಗಳದಷ್ಟೇ ಗಟ್ಟಿ, ಆದ್ದರಿಂದಲೇ ಮೋಸ. ಟೆಂಟಿನ ಗೂಟಗಳು ಬಿರುಕುಗಳಲ್ಲಿ ಸರಾಗವಾಗಿ ಇಳಿದವು, ನಾನು ಖುಷಿಪಟ್ಟೆ. ರಾತ್ರಿ ಮಳೆ ಹಿಡಿದು ಮಣ್ಣು ಮೆತ್ತಗಾದ ಮೇಲೆ, ಗಾಳಿಗೆ ಅವು ಅಷ್ಟೇ ಸರಾಗವಾಗಿ ಎದ್ದು ಬಂದವು. ಆದರೂ ತೊಯ್ದದ್ದು ದೊಡ್ಡ ನಷ್ಟವಲ್ಲ, ಬಟ್ಟೆ ಒಣಗುತ್ತದೆ.

ನಷ್ಟವಾದದ್ದು ಬೆಳಿಗ್ಗೆ. ಮಳೆ ನಿಂತಿತ್ತು, ಬಿಸಿಲು ಬಂದಿತ್ತು. ಸಾಮಾನು ಕಟ್ಟಿ ಸೈಕಲ್ಲನ್ನು ದೂಡತೊಡಗಿದೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಟಯರಿಗೆ ಬೆರಳು ದಪ್ಪ ಮಣ್ಣು ಮೆತ್ತಿಕೊಂಡಿತು, ಎರಡನೆಯ ಸುತ್ತಿಗೆ ಆ ಮಣ್ಣಿಗೆ ಹುಲ್ಲುಕಡ್ಡಿ, ಒಣ ಎಲೆ ಸೇರಿಕೊಂಡವು, ಹತ್ತು ಹೆಜ್ಜೆ ಹಾಕುವುದರೊಳಗೆ ಮಡ್‌ಗಾರ್ಡಿಗೂ ಟಯರಿಗೂ ನಡುವಿನ ಸಂದಿಯೆಲ್ಲ ಗಚ್ಚು ತುಂಬಿದಂತಾಗಿ ಚಕ್ರ ನಿಂತೇ ಹೋಯಿತು. ಟೆಂಟಿನ ಗೂಟದಿಂದ ಕೆರೆದು ತೆಗೆದೆ. ಮತ್ತೆ ಹತ್ತು ಹೆಜ್ಜೆ, ಮತ್ತೆ ಅದೇ. ಬೂಟುಗಳು ಒಂದೊಂದೂ ಸೇರು ಭಾರವಾಗಿ, ಕೊನೆಗೆ ಒಂದು ಕಾಲಿನದು ಮಣ್ಣಿನಲ್ಲಿಯೇ ಉಳಿಯಿತು. ಸಾಮಾನನ್ನು ಬೇರೆ, ಸೈಕಲ್ಲನ್ನು ಬೇರೆ ಹೊತ್ತು ಸಾಗಿಸಿದ್ದರೆ ಮಧ್ಯಾಹ್ನದೊಳಗೆ ರಸ್ತೆ ಸೇರುತ್ತಿದ್ದೆ. ಇನ್ನೂ ಜಾಣನಾಗಿದ್ದರೆ ಸಂಜೆಯವರೆಗೆ ಮರದ ಕೆಳಗೇ ಕುಳಿತು ಮೇಲ್ಪದರ ಒಣಗಲು ಬಿಡುತ್ತಿದ್ದೆ. ನಾನು ಎರಡನ್ನೂ ಮಾಡಲಿಲ್ಲ. ಬಂಡಿದಾರಿಯ ನಡುವಿನ ಹುಲ್ಲಿನ ಪಟ್ಟಿಯ ಮೇಲೆ ಸೈಕಲ್ ಏರಿ, ಸಣ್ಣ ಗೇರಿಗೆ ಹಾಕಿ, ಪೆಡಲ್ಲಿನ ಮೇಲೆ ಎದ್ದು ನಿಂತು ಮೈಭಾರವೆಲ್ಲ ಹಾಕಿ ತುಳಿದೆ. ಗೇರ್ ಬದಲಿಸುವ ಡಿರೇಲರಿನ ಪುಟ್ಟ ಗಾಲಿಗಳಲ್ಲಿ ಮಣ್ಣು, ಹುಲ್ಲು ಸಿಕ್ಕಿ ಚೈನು ಸರಿಯಲಾರದೆ ಇದ್ದಾಗ, ನನ್ನ ಬಲವೆಲ್ಲ ಡಿರೇಲರನ್ನೇ ಹಿಂದಕ್ಕೆ ಎಳೆಯಿತು. ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಎಂಬ ಅಲ್ಯೂಮಿನಿಯಂ ತುಂಡು, ಫ್ರೇಮು ಉಳಿಯಲೆಂದು ಬೇಕೆಂದೇ ಮೆತ್ತಗೆ ಮಾಡಿರುವ ತುಂಡು, ಲಟಕ್ಕನೆ ಮುರಿಯಿತು. ಡಿರೇಲರ್ ಹೋಗಿ ಕಡ್ಡಿಗಳ ನಡುವೆ ಸಿಕ್ಕಿಕೊಂಡಿತು.

ಇದನ್ನು ಕೇಳಿದವರು ಮಳೆಯನ್ನು ದೂರುತ್ತಾರೆ, ಮಡ್‌ಗಾರ್ಡನ್ನು ದೂರುತ್ತಾರೆ, ದುಬಾರಿ ಸೈಕಲ್ಲನ್ನು ದೂರುತ್ತಾರೆ. ಸೆಪ್ಟೆಂಬರ್ ನಮ್ಮ ಭಾಗದಲ್ಲಿ ಹೆಚ್ಚು ಮಳೆ ಬೀಳುವ ತಿಂಗಳುಗಳಲ್ಲಿ ಒಂದು, ಅಕ್ಟೋಬರಿನಲ್ಲೂ ಅದು ಪೂರ್ತಿ ಬಿಡುವುದಿಲ್ಲ ಎಂಬುದು ನಿಜ. ಆದರೆ ಅದೇ ಮಳೆಯಲ್ಲಿ ಗುಡಿಯ ಕಟ್ಟೆಯ ಮೇಲೆ ಮಲಗಿದ್ದರೆ ಬೆಳಿಗ್ಗೆ ಡಾಂಬರಿನ ಮೇಲೆ ಸೇಡಂ ತಲುಪಿ ಚಹಾ ಕುಡಿಯುತ್ತಿದ್ದೆ. ನಾನು ಡಾಂಬರು ಬಿಟ್ಟದ್ದು ಜನರಿಂದ ಅಡಗಲು. ಟೆಂಟ್ ಹಾಕಲು ಜಾಗವಿಲ್ಲದೆ ಅಲ್ಲ. ಇಷ್ಟಾಗಿಯೂ ಅಡಗಿದ್ದು ಫಲಿಸಲಿಲ್ಲ. ರಾತ್ರಿ ಮಳೆ ಬರುವ ಮುನ್ನವೇ ಟಾರ್ಚ್ ಹಿಡಿದು ಇಬ್ಬರು ಬಂದಿದ್ದರು. ಹೊಲಗಳಲ್ಲಿ ಪಂಪ್‌ಸೆಟ್ಟಿನ ಕೇಬಲ್ ಕಳುವಾಗುವ ಕಾಲ, ಅವರಿಗೆ ಸಂಶಯ ಬಂದದ್ದು ಸಹಜ. "ಯಾರ್ ನೀನು, ಇಲ್ಲಿ ಏನ್ ಮಾಡ್ಲತ್ತಿ?" ಎಂಬ ಧ್ವನಿ ಟೆಂಟಿನ ಹೊರಗೆ ಕೇಳಿದಾಗ ನನಗಾದ ಭಯ ಇಡೀ ಪ್ರವಾಸದಲ್ಲಿ ಮತ್ತೆಲ್ಲಿಯೂ ಆಗಿಲ್ಲ. ಊರು, ಮನೆತನ, ಕೆಲಸ ಎಲ್ಲ ಹೇಳಿದ ಮೇಲೆ ಸಮಾಧಾನಗೊಂಡರು. ಮರುದಿನ ಮುರಿದ ಸೈಕಲ್ಲನ್ನು ರಸ್ತೆಗೆ ಹೊರಲು ಹೆಗಲು ಕೊಟ್ಟವರೂ, ಸೇಡಂಗೆ ಹೋಗುವ ಗೂಡ್ಸ್ ಆಟೊ ನಿಲ್ಲಿಸಿದವರೂ ಅವರೇ.

ಸೇಡಂನ ಸೈಕಲ್ ಮಿಸ್ತ್ರಿಯ ಬಳಿ ಆ ಹ್ಯಾಂಗರ್ ಇರಲು ಸಾಧ್ಯವಿರಲಿಲ್ಲ. ಪ್ರತಿ ಫ್ರೇಮಿಗೂ ಅದರ ಆಕಾರ ಬೇರೆ. ಆತ ಡಿರೇಲರನ್ನು ಬಿಚ್ಚಿ ನನ್ನ ಕೈಗಿಟ್ಟು, ಚೈನಿನ ಪಿನ್ನನ್ನು ಮೊಳೆ ಸುತ್ತಿಗೆಯಿಂದ ಹೊಡೆದು ಹೊರತೆಗೆದು, ಚೈನನ್ನು ಗಿಡ್ಡ ಮಾಡಿ ಒಂದೇ ಗೇರಿಗೆ ಕೂಡಿಸಿದ. ಆ ಒಂಟಿ ಗೇರಿನಲ್ಲಿ, ಕಾಗಿಣಾ ದಂಡೆಯ ಮಳಖೇಡದ ಮೇಲೆ, ರಾಷ್ಟ್ರಕೂಟರ ರಾಜಧಾನಿಯನ್ನು ತಲೆಯೆತ್ತಿಯೂ ನೋಡದೆ, 50 ಕಿಲೋಮೀಟರಿಗೂ ಹೆಚ್ಚು ತುಳಿದು ಮನೆ ಸೇರಿದೆ.

ಈಗ ನಿಮ್ಮ ಪ್ರಶ್ನೆಗಳು. ಯಾವ ಸೈಕಲ್ ಎಂದರೆ ಮನೆಯಲ್ಲಿರುವುದೇ ಸಾಕು, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಎರಡು ಬೆರಳು ಹೋಗಬೇಕು ಅಷ್ಟೇ. ಗೇರಿನ ಸೈಕಲ್ಲಾದರೆ ನಿಮ್ಮ ಫ್ರೇಮಿನ ಹ್ಯಾಂಗರ್ ಒಂದನ್ನೂ ಚೈನ್ ಬಿಚ್ಚುವ ಉಪಕರಣವನ್ನೂ ಹ್ಯಾಂಡಲಿನ ಚೀಲದಲ್ಲಿ ಇಡಿ. ಎರಡೂ ಸೇರಿ ಒಂದು ಮುಷ್ಟಿಯಷ್ಟೂ ಜಾಗ ಹಿಡಿಯುವುದಿಲ್ಲ. ಟೆಂಟ್ ಗೂಟವಿಲ್ಲದೆ ತಾನೇ ನಿಲ್ಲುವಂಥದ್ದಾಗಿರಲಿ. ಎರೆಮಣ್ಣಿನಲ್ಲಿ ಗೂಟ ನಿಲ್ಲದು, ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಹಾಸುಬಂಡೆಯಲ್ಲಿ ಗೂಟ ಇಳಿಯದು. ಸ್ಟವ್ ಬೇಡವೇ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ಹಲವು ದಿನ ಕೆಡುವುದಿಲ್ಲ. ಉಳಿದದ್ದಕ್ಕೆ ಪ್ರತಿ ಬಸ್ ಸ್ಟ್ಯಾಂಡಿನಲ್ಲೂ ಸುಸಲಾ, ಮಿರ್ಚಿ ಭಜಿ ಇದ್ದೇ ಇವೆ.

ಎಲ್ಲಿ ತಂಗಬೇಕು ಎಂಬ ಪ್ರಶ್ನೆಯಲ್ಲಿರುವ "ಕಣ್ಣಿಗೆ ಬೀಳದಂತೆ" ಎಂಬ ಷರತ್ತನ್ನು ನಾನು ಒಪ್ಪುವುದಿಲ್ಲ. ಹೊತ್ತು ಮುಳುಗುವ ಒಂದು ತಾಸು ಮೊದಲು ಊರಿನ ಚಹಾದಂಗಡಿಯಲ್ಲಿ ಕುಳಿತುಕೊಳ್ಳಿ. ನೀವಾಗಿಯೇ ಕೇಳುವ ಮೊದಲು ಯಾರಾದರೂ ನಿಮ್ಮನ್ನು ಕೇಳುತ್ತಾರೆ. ಗುಡಿಯ ಪೌಳಿ, ಶಾಲೆಯ ವರಾಂಡ, ಮಠದ ಅಂಗಳ, ಇವುಗಳಲ್ಲಿ ಒಂದು ಸಿಗದ ಊರನ್ನು ನಾನು ಈ ಮೂರು ಜಿಲ್ಲೆಗಳಲ್ಲಿ ಕಂಡಿಲ್ಲ. ಟೆಂಟನ್ನು ವರಾಂಡದಲ್ಲೇ ಹಾಕಿ, ಸೊಳ್ಳೆಯೂ ಬರುವುದಿಲ್ಲ. ಹೊಲದ ಬಿರುಕುಗಳಲ್ಲಿ ಕೊಳಕುಮಂಡಲ ಹಾವು ಇರಬಹುದೆಂಬ ಚಿಂತೆಯೂ ಇರುವುದಿಲ್ಲ. ಒಬ್ಬರೇ ಹೋಗುವುದರ ನಿಜವಾದ ಕಷ್ಟ ಸಂಜೆಯದು. ಹಗಲೆಲ್ಲ ಚಕ್ರದ ಜೊತೆ ಮನಸ್ಸೂ ಓಡುತ್ತಿರುತ್ತದೆ, ಕತ್ತಲಾದ ಮೇಲೆ ಟೆಂಟಿನೊಳಗೆ ಮೊಬೈಲಿನ ಬ್ಯಾಟರಿ ಉಳಿಸುತ್ತ ಕುಳಿತಾಗ ಏಕೆ ಬಂದೆನೋ ಅನ್ನಿಸುತ್ತದೆ. ಗುಡಿಯ ಕಟ್ಟೆಯ ಮೇಲೆ ನಾಲ್ಕು ಜನ ಬಂದು ಸೈಕಲ್ಲಿನ ಬೆಲೆ ಕೇಳಿ, ಹಗ್ಗ ಮುಟ್ಟಿ ನೋಡಿ, "ಮನ್ಯಾಗ ಏನರ ಜಗಳ ಮಾಡ್ಕೊಂಡ್ ಬಂದೀಯೇನ್?" ಎಂದು ವಿಚಾರಿಸುತ್ತಿದ್ದರೆ ಆ ಹೊತ್ತು ತಾನಾಗಿ ಕಳೆಯುತ್ತದೆ. ಏಕಾಂತವೇ ಬೇಕೆನ್ನುವವರು ಈ ಸೀಮೆಯನ್ನು ಆರಿಸಿಕೊಳ್ಳಬಾರದು.

ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟುವುದು ನಿಮಗೆ ಹೇಳಬೇಕಾಗಿಲ್ಲ. ಡಿಸೆಂಬರ್, ಜನವರಿ ಸರಿಯಾದ ಕಾಲ. ಎರೆ ಒಣಗಿರುತ್ತದೆ, ತೊಗರಿಯ ರಾಶಿ ನಡೆದಿರುತ್ತದೆ, ಕಣದಲ್ಲಿ ಕಾವಲು ಮಲಗಿದವರು ಬೆಂಕಿಯ ಪಕ್ಕ ಜಾಗ ಕೊಡುತ್ತಾರೆ. ಆಗ ಗಾಳಿ ಮೂಡಣದಿಂದ ಬೀಸುವುದರಿಂದ ಬೀದರಿಗೆ ಹೋಗುವಾಗ ಎದುರಾಗುತ್ತದೆ. ಬೀದರಿನ ಚಳಿಗೆ ಒಂದು ರಗ್ಗು ಹೆಚ್ಚಿಗೆ ಇರಲಿ.

ನಾನು ಬಿಟ್ಟು ಬಂದಿದ್ದ ಯಾದಗಿರಿಯ ಭಾಗವನ್ನು ಆಮೇಲೆ ಒಂದು ಜನವರಿಯಲ್ಲಿ ಮಾಡಿ ಮುಗಿಸಿದೆ. ನಿಜ ಹೇಳಬೇಕೆಂದರೆ, ಮೊದಲ ಸಲ ಹೊರಡುವವರು ಬೀದರಿಗಿಂತ ಅತ್ತಲೇ ಹೋಗುವುದು ಒಳ್ಳೆಯದು. ಜೇವರ್ಗಿ, ಶಹಾಪುರ, ಸುರಪುರದ ದಾರಿಯಲ್ಲಿ ದೊಡ್ಡ ಏರುಗಳಿಲ್ಲ. ಶಹಾಪುರದಲ್ಲಿ ಮಲಗಿದ ಬುದ್ಧನ ಆಕಾರದ ಗುಡ್ಡಸಾಲು ಕಾಣುವ ಹೊತ್ತಿಗೆ ಗ್ರಾನೈಟ್ ಬಂಡೆಗಳ ನಾಡು ಶುರುವಾಗಿ ಮಳೆ ಬಂದರೂ ಕಾಲಿಡಲು ಗಟ್ಟಿ ನೆಲ ಸಿಗುತ್ತದೆ. ತಿಂಥಣಿಯಲ್ಲಿ ಮೌನೇಶ್ವರನ ಗುಡಿಯ ಬಳಿ ಕೃಷ್ಣೆಯ ದಂಡೆ ಇದೆ. ಹಿಂದಿರುಗುವಾಗ ವಾಡಿ, ಶಹಾಬಾದ್ ಮೇಲೆ ಬರಬೇಡಿ, ಸಿಮೆಂಟ್ ಲಾರಿಗಳು ಅಂಚಿಗೆ ತಳ್ಳಿಬಿಡುತ್ತವೆ. ಹೊರಡುವ ದಿನವೂ ಕಟ್ಟಿಸಂಗಾವಿಯ ಭೀಮಾ ಸೇತುವೆಯನ್ನು ಬೆಳಗಿನ ಏಳು ಗಂಟೆಯೊಳಗೆ ದಾಟಿರಬೇಕು, ಅಂದರೆ ಕಲಬುರಗಿಯನ್ನು ಐದಕ್ಕೇ ಬಿಡಬೇಕು, ಹಿಂದಿನ ದೀಪ ಹಚ್ಚಿಕೊಂಡು.