ಗಾಜಿನ ಮನೆಯಲ್ಲಿ ಸುಖವಾಗಿದ್ದವನು

ಪ್ರಿಯ ಓದುಗರೇ,

ಪ್ರಜೆಗಳ ಪ್ರತಿ ಹೆಜ್ಜೆಯ ಮೇಲೂ ಸರ್ಕಾರ ಕಣ್ಣಿಟ್ಟಿರುವ ದೇಶದ ಕತೆ ಹೇಳುವ ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿ ಓದಿ ಮುಗಿಸಿ ನೀವು ಬರೆದ ಪತ್ರ ತಲುಪಿತು. ನಿಮಗಿರುವ ಸ್ವಾತಂತ್ರ್ಯದ ಬೆಲೆ ಈಗ ಗೊತ್ತಾಯಿತು ಎಂದಿದ್ದೀರಿ. ‘ಕಟ್ಟುಕತೆ ಓದಿ ಹೀಗೆ ಕಲಕಿಹೋಗುವುದು ಬರೀ ಭಾವುಕತೆ, ಇತಿಹಾಸ ಓದು’ ಎಂದು ಗೆಳೆಯರು ನಕ್ಕರಂತೆ. ಪುಸ್ತಕವನ್ನು ಹದಿನೈದರ ಮಗಳ ಕೈಗೆ ಕೊಡಬಹುದೇ ಎಂದೂ ಕೇಳಿದ್ದೀರಿ.

ಗೆಳೆಯರ ಮಾತನ್ನು ಅರ್ಧ ಒಪ್ಪುತ್ತೇನೆ. ಯಾರನ್ನು ಜೈಲಿಗೆ ಹಾಕಿದರು, ಯಾವ ಪತ್ರಿಕೆ ಮುಚ್ಚಿಸಿದರು ಎಂಬುದಕ್ಕೆ ಇತಿಹಾಸವೇ ಬೇಕು. ಆದರೆ ಜೈಲಿಗೆ ಹೋಗದೆ ಹೊರಗುಳಿದವನು ರಾತ್ರಿ ತನ್ನ ಕೋಣೆಯಲ್ಲಿ ಹೇಗೆ ಕೂತಿರುತ್ತಿದ್ದ? ದಾಖಲೆಯಲ್ಲಿ ಅದು ಸಿಗುವುದು ಅಪರೂಪ.

‘1984’ರ ಕಥಾನಾಯಕ ವಿನ್‌ಸ್ಟನ್ ಡೈರಿ ತೆರೆಯುವ ಪ್ರಸಂಗವನ್ನು ಇನ್ನೊಮ್ಮೆ ಓದಿ. ಮನೆಯೊಳಗೇ ಕೂತು ಕಾವಲು ಕಾಯುವ ಪರದೆಯಾದ ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಮೂಲೆ ಹಿಡಿದು ಕೂತಿದ್ದಾನೆ. ಡೈರಿ ಬರೆಯಬಾರದೆಂಬ ಕಾನೂನಿಲ್ಲ, ಏಕೆಂದರೆ ಅಲ್ಲಿ ಕಾನೂನೇ ಇಲ್ಲ. ಆದರೂ ಸಿಕ್ಕಿಬಿದ್ದರೆ ಸಾವು, ಇಲ್ಲವೇ ಕನಿಷ್ಠ 25 ವರ್ಷ ಶ್ರಮಶಿಬಿರ. ಇಷ್ಟಕ್ಕೆಲ್ಲ ತಯಾರಾಗಿ ಪೆನ್ನು ಹಿಡಿದರೆ ಬರೆಯಲು ಏನೂ ತೋಚುವುದಿಲ್ಲ! ವರ್ಷಗಟ್ಟಲೆ ತಲೆಯೊಳಗೆ ಓಡುತ್ತಿದ್ದ ಮಾತು ಕಾಗದದ ಮುಂದೆ ಬತ್ತಿಹೋಗಿದೆ. ಚಿತ್ರಹಿಂಸೆಯ ಪುಟಗಳಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇದೇ. ನಿಷೇಧ ತೆಗೆದ ಮರುದಿನವೇ ಮನುಷ್ಯ ಮಾತಾಡಿಬಿಡುತ್ತಾನೆ ಎಂದು ನಾವು ಸಲೀಸಾಗಿ ನಂಬಿರುತ್ತೇವೆ.

ನಿಮ್ಮ ಪತ್ರದಲ್ಲಿ ನನಗೆ ಪೂರ್ತಿ ಒಪ್ಪಿಗೆಯಾಗದ್ದು ‘ಸದ್ಯ, ನಾನಲ್ಲಿಲ್ಲ’ ಎಂಬ ಸಮಾಧಾನ. ಆರ್ವೆಲ್‌ಗಿಂತ ಮೊದಲೇ, 1920–21ರಲ್ಲಿ, ರಷ್ಯಾದ ಯೆವ್ಗೆನಿ ಝಮ್ಯಾತಿನ್ ‘ವಿ’ (ಅಂದರೆ ‘ನಾವು’) ಎಂಬ ಕಾದಂಬರಿ ಬರೆದರು. (ಆರ್ವೆಲ್ 1946ರಲ್ಲಿ ಇದರ ವಿಮರ್ಶೆಯನ್ನೂ ಬರೆದರು.) ಅಲ್ಲಿ ಮನೆಗಳೆಲ್ಲ ಗಾಜಿನವು. ಗಂಡು ಹೆಣ್ಣು ಕೂಡುವ ಹೊತ್ತಿನಲ್ಲಷ್ಟೇ, ಅದೂ ಗುಲಾಬಿ ಬಣ್ಣದ ಚೀಟಿ ತೋರಿಸಿದರೆ, ಪರದೆ ಇಳಿಸಬಹುದು. ಕತೆ ಹೇಳುವ ಎಂಜಿನಿಯರಿಗೆ ಹೆಸರಿಲ್ಲ, ಡಿ-503 ಎಂಬ ಸಂಖ್ಯೆ. ಅವನಿಗೆ ಈ ವ್ಯವಸ್ಥೆಯ ಬಗ್ಗೆ ದೂರಿಲ್ಲ, ಹೆಮ್ಮೆಯಿದೆ! ಸ್ವಾತಂತ್ರ್ಯವಿದ್ದ ಹಳೆಯ ಕಾಲದವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ ಅನ್ನಿಸುತ್ತದೆ. ಓದುತ್ತಾ ಹೋದಂತೆ, ಸುಖವಾಗಿದ್ದೇನೆ ಎನ್ನುವವನ ಮಾತನ್ನು ಎಷ್ಟು ನಂಬಬೇಕು ಎಂಬ ಅನುಮಾನ ನಮ್ಮ ಬಗ್ಗೆಯೇ ಹುಟ್ಟುತ್ತದೆ. ಯಾರೂ ಕೇಳದೆಯೇ ನಾವೇ ತೆಗೆದುಹಾಕಿದ ಪರದೆಗಳು ಒಂದೆರಡಾದರೂ ಇರಬೇಕಲ್ಲ? ನಿಮ್ಮವು ಯಾವುವೆಂದು ನೀವೇ ಬಲ್ಲಿರಿ.

ಇನ್ನು, ‘ಬರೀ ಕತೆ’ ಎಂದು ನಕ್ಕ ಗೆಳೆಯರಿಗೆ ಸೋವಿಯತ್ ಲೇಖಕ ವಸಿಲಿ ಗ್ರಾಸ್‌ಮನ್ ವಿಷಯ ಹೇಳಿ. 1961ರಲ್ಲಿ ಅವರ ‘ಲೈಫ್ ಅಂಡ್ ಫೇಟ್’ ಕಾದಂಬರಿಯನ್ನು ಅಲ್ಲಿನ ಗುಪ್ತ ಪೊಲೀಸ್ ಸಂಸ್ಥೆ ಕೆಜಿಬಿ ಹೊತ್ತೊಯ್ದಾಗ ಹಸ್ತಪ್ರತಿಯ ಜೊತೆಗೆ ಕಾರ್ಬನ್ ಹಾಳೆ, ಟೈಪ್‌ರೈಟರ್ ರಿಬ್ಬನ್ನುಗಳನ್ನೂ ಬಿಡಲಿಲ್ಲ. ಬರೀ ಕತೆಗೆ ಇಷ್ಟೊಂದು ಶ್ರಮವೇ?

ಮಗಳಿಗೆ ‘1984’ ಧಾರಾಳವಾಗಿ ಕೊಡಿ. ಮೂರನೆಯ ಭಾಗ ಕಠಿಣವಾಗಿದೆ ಎಂದು ಮೊದಲೇ ತಿಳಿಸಿ, ಬೇಡವೆನಿಸಿದರೆ ಮಧ್ಯದಲ್ಲೇ ಬಿಡಲಿ. ಓದಿ ಮುಗಿಸಿದ ಮೇಲೆ ‘ಏನು ಕಲಿತೆ?’ ಎಂದು ಮಾತ್ರ ಕೇಳಬೇಡಿ.

– ಸಂಪಾದಕ